ಚಿಪ್ಪಿಗೆ ಇಂಗ್ಲಿಷ್ ಬರುತ್ತದೆಂದು ಹೇಳಿದವರು ಯಾರು?

ನಾನು ಡಿಪ್ಲೊಮಾ ಓದುತ್ತಿದ್ದಾಗಿನ ಮಾತು. ಲ್ಯಾಬಿನಲ್ಲಿ ಎಂಟು ಜನಕ್ಕೆ ಒಂದು ೮೦೮೫ ಕಿಟ್ಟು. ಮರದ ಪೆಟ್ಟಿಗೆ, ಅದರ ಮೇಲೆ ಕ್ಯಾಲ್ಕ್ಯುಲೇಟರಿನಂಥ ಗುಂಡಿಗಳು, ಕೆಂಪಗೆ ಉರಿಯುವ ಆರು ಅಂಕಿ. ಎರಡು ಸಂಖ್ಯೆ ಕೂಡಿಸಬೇಕಾದರೆ ಕೈಯಲ್ಲಿ ಹಾಳೆ ಹಿಡಿದು ೩ಇ ಒತ್ತು, ಸಂಖ್ಯೆ ಒತ್ತು, ಇನ್ನೊಂದು ಒತ್ತು, ಮತ್ತೊಂದು ಒತ್ತು, ಕೊನೆಗೆ ೭೬ ಒತ್ತು. ನಡುವೆ ಒಂದು ಗುಂಡಿ ತಪ್ಪಿತೋ, ಮತ್ತೆ ಹುಡುಕಾಟ. ನನ್ನ ಪಕ್ಕ ನಿಂತಿದ್ದವನು ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿ ಬಂದ ಹುಡುಗ. ಊರಿನಲ್ಲಿ ಕೆಟ್ಟ ರೇಡಿಯೋ ಬಿಚ್ಚಿ ಸರಿ ಮಾಡುತ್ತಿದ್ದವನು. ಅವನು ಕೈ ಎತ್ತಿ ಕೇಳಿದ: "ಸಾರ್, ಈ ೩ಇ ಅಂದ್ರೆ ಏನು? ಯಾಕೆ ೩ಇ ನೇ ಒತ್ತಬೇಕು?"

ಉತ್ತರ ಬಂತು: "ಮೊದಲು ಇಂಗ್ಲಿಷ್ ಕಲಿತುಕೊಂಡು ಬಾ. ಆಮೇಲೆ ಮೈಕ್ರೋಪ್ರೊಸೆಸರ್ ಮುಟ್ಟುವೆಯಂತೆ."

ಇಡೀ ಲ್ಯಾಬು ನಕ್ಕಿತು. ನಾನೂ ನಕ್ಕೆ. ಎರಡನೇ ವರ್ಷಕ್ಕೆ ಅವನು ಕಾಲೇಜು ಬಿಟ್ಟ. ಈಗ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿಯೇ ಇದ್ದಾನೆ. ಆದರೆ ಅವನ ಪ್ರಶ್ನೆಗೆ ಉತ್ತರ ಕೊಡಬೇಕಾದ ಸಾಲ ನನ್ನ ಮೇಲೆ ಇನ್ನೂ ಉಳಿದಿದೆ.

ಸ್ವಾಮಿ, ೩ಇ ಎನ್ನುವುದು ಇಂಗ್ಲಿಷ್ ಅಲ್ಲ! ಅದು ೦೦೧೧೧೧೧೦. ಎಂಟು ಸ್ವಿಚ್ಚು ಸಾಲಾಗಿವೆ, ಎರಡು ಆರಿವೆ, ಐದು ಹೊತ್ತಿವೆ, ಒಂದು ಆರಿದೆ ಎಂದು ಹೇಳುವ ಗುರುತು. ಮುಂದೆ ಬರುವ ಸಂಖ್ಯೆಯನ್ನು ಎತ್ತಿ ಒಂದು ಗೂಡಿನಲ್ಲಿಡು ಎಂದು ಆ ಚಿಪ್ಪನ್ನು ಮಾಡಿದವರು ಈ ಸಾಲಿಗೆ ಅರ್ಥ ಕಟ್ಟಿಟ್ಟಿದ್ದಾರೆ, ಅಷ್ಟೇ. ಅದನ್ನು ಕನ್ನಡದಲ್ಲಿ ಹೇಳಲು ಅರ್ಧ ನಿಮಿಷ ಸಾಕು. ಈಗ ತಾನೇ ಹೇಳಿದೆನಲ್ಲ! ಚಿಪ್ಪಿಗೆ ಇಂಗ್ಲಿಷೂ ಬರುವುದಿಲ್ಲ, ಕನ್ನಡವೂ ಬರುವುದಿಲ್ಲ, ಜಪಾನಿಯೂ ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಕರೆಂಟು ಇದೆ, ಕರೆಂಟು ಇಲ್ಲ. ನಡುವೆ ನಿಂತ ಭಾಷೆಗಳೆಲ್ಲ ಮನುಷ್ಯರ ಅನುಕೂಲಕ್ಕೆ ಮನುಷ್ಯರು ಮಾಡಿಕೊಂಡವು. ಯಾವ ಮನುಷ್ಯರ ಅನುಕೂಲಕ್ಕೆ ಎಂಬುದೇ ಪ್ರಶ್ನೆ.

ಈ ಮಾತು ಈಗೇಕೆ? ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಈ ಕ್ಷೇತ್ರದ ದೊಡ್ಡ ಬಾಗಿಲೊಂದು ತೆರೆದುಕೊಂಡಿದೆ. ತೆರೆದದ್ದು ನಮಗೆ ಗೊತ್ತೇ ಆಗಿಲ್ಲ. ಗೊತ್ತಾದವರು ಹೇಳಲಿಲ್ಲ.

ಮೊದಲು ಹಳೆಯ ಬಾಗಿಲಿನ ಕಥೆ. ನಿಮ್ಮ ಮನೆಯ ವಾಷಿಂಗ್ ಮೆಷಿನ್, ಮಿಕ್ಸಿಯ ಪಕ್ಕದ ಇಂಡಕ್ಷನ್ ಒಲೆ, ಹೊಲದ ಪಂಪಿನ ಆಟೊ ಸ್ಟಾರ್ಟರ್, ಬಸ್ಸಿನ ಟಿಕೆಟ್ ಯಂತ್ರ, ಎಲ್ಲದರ ಹೊಟ್ಟೆಯಲ್ಲೂ ಒಂದು ಪುಟ್ಟ ಕಂಪ್ಯೂಟರ್ ಕೂತಿದೆ. ಅದಕ್ಕೆ ಮೈಕ್ರೋಕಂಟ್ರೋಲರ್ ಎನ್ನುತ್ತಾರೆ. ಕಲಿಯುವವರಿಗೆಂದು ಆ ಚಿಪ್ಪನ್ನು ಅಂಗೈಯಗಲದ ಹಲಗೆಯ ಮೇಲೆ ಕೂರಿಸಿ, ತಂತಿ ಚುಚ್ಚಲು ಕಾಲುಗಳನ್ನು ಹೊರಗೆ ಬಿಟ್ಟು ಮಾರುತ್ತಾರೆ. ಅದೇ ಡೆವಲಪ್‌ಮೆಂಟ್ ಬೋರ್ಡು. ಇಟಲಿಯ ಇವ್ರಿಯಾ ಊರಿನಲ್ಲಿ ೨೦೦೫ರಲ್ಲಿ ಹುಟ್ಟಿದ ಆರ್ಡುಯಿನೋ ಈ ಬೋರ್ಡನ್ನು ಮೇಷ್ಟ್ರ ಬೀರುವಿನಿಂದ ಮಕ್ಕಳ ಕೈಗೆ ತಂದಿತು. ಅದರ ಉಪಕಾರ ದೊಡ್ಡದು. ಆದರೆ ಅದಕ್ಕೂ ಬರೆಯಬೇಕಾದದ್ದು ಸಿ ಪ್ಲಸ್ ಪ್ಲಸ್‌ನಲ್ಲಿ. ಸಾಲಿನ ಕೊನೆಗೆ ಅರ್ಧವಿರಾಮ ಮರೆತರೆ ಮುಗಿಯಿತು. ಬರೆದದ್ದನ್ನು ಕಂಪ್ಯೂಟರ್ ಮೊದಲು ಪೂರ್ತಿ ಅರೆದು, ಯಂತ್ರದ ಅಂಕಿಗಳನ್ನಾಗಿ ಮಾಡಿ, ಬೋರ್ಡಿಗೆ ಇಳಿಸಿ, ಆಮೇಲೆ ನೋಡು ಎನ್ನುತ್ತದೆ. ಒಂದು ಸಂಖ್ಯೆ ಬದಲಿಸಿದರೂ ಮತ್ತೆ ಅರೆ, ಮತ್ತೆ ಇಳಿಸು. ಏನಾಗುತ್ತಿದೆ ಎಂದು ಬೋರ್ಡನ್ನೇ ಕೇಳುವ ಹಾಗಿಲ್ಲ. ಗಾಣದೆತ್ತಿನ ಹಾಗೆ ಸುತ್ತಬೇಕು.

ಇದಕ್ಕೆ ಕಾರಣವಿತ್ತು. ಆರ್ಡುಯಿನೋ ಯುನೋ ಬೋರ್ಡಿನ ಚಿಪ್ಪಿನಲ್ಲಿ ಕೆಲಸದ ಜ್ಞಾಪಕಕ್ಕೆ ಇರುವ ಜಾಗ ೨ ಕಿಲೋಬೈಟ್ ಮಾತ್ರ. ಈ ಲೇಖನದ ಎರಡು ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಮನುಷ್ಯರಿಗೆ ಹತ್ತಿರವಾದ ಭಾಷೆಯನ್ನು ಕೂರಿಸಲಾಗದು ಎಂದು ಬಲ್ಲವರೆಲ್ಲ ನಂಬಿದ್ದರು.

ನಂಬದವನು ಒಬ್ಬನಿದ್ದ. ಡೇಮಿಯನ್ ಜಾರ್ಜ್ ಎಂಬ ಆಸ್ಟ್ರೇಲಿಯಾದ ಭೌತವಿಜ್ಞಾನಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ. ಪೈಥಾನ್ ಎಂಬ ಭಾಷೆ ದೊಡ್ಡ ಕಂಪ್ಯೂಟರುಗಳಲ್ಲಿ ಆಗಲೇ ಮನೆಮಾತು. ಬರೆದರೆ ಓದಿದಂತಿರುವ, ಅರ್ಧವಿರಾಮದ ಕಾಟವಿಲ್ಲದ ಭಾಷೆ. ಅದನ್ನು ಮೊದಲಿನಿಂದ ಹೊಸದಾಗಿ, ಕಡಿಮೆ ಜಾಗದಲ್ಲಿ ಬದುಕುವಂತೆ ಬರೆದು ೨೦೧೩ರ ಕೊನೆಯಲ್ಲಿ ಅವನು ಕಿಕ್‌ಸ್ಟಾರ್ಟರ್ ಮೂಲಕ ಜನರ ಮುಂದೆ ಚಂದಾ ಎತ್ತಿದ. ಕೇಳಿದ್ದು ೧೫ ಸಾವಿರ ಪೌಂಡು. ೧೯೦೦ಕ್ಕೂ ಹೆಚ್ಚು ಮಂದಿ ಸೇರಿ ಕೊಟ್ಟದ್ದು ೯೭ ಸಾವಿರಕ್ಕೂ ಮೇಲೆ! ಅದೇ ಮೈಕ್ರೋಪೈಥಾನ್. ೨೫೬ ಕಿಲೋಬೈಟ್ ಸಂಗ್ರಹ, ೧೬ ಕಿಲೋಬೈಟ್ ಜ್ಞಾಪಕ, ಇಷ್ಟಿದ್ದರೆ ಓಡುತ್ತದೆ. ಮೂಲ ಬರಹವನ್ನೂ ಬಚ್ಚಿಡದೆ ಎಲ್ಲರಿಗೂ ಬಿಟ್ಟುಕೊಟ್ಟ. ಉಪಗ್ರಹದ ಒಳಗೆ ಇದನ್ನು ಬಳಸಬಹುದೇ ಎಂದು ನೋಡಲು ಯುರೋಪಿನ ಬಾಹ್ಯಾಕಾಶ ಸಂಸ್ಥೆಯೂ ಹಣ ಕೊಟ್ಟಿತು. ಆಟಿಕೆ ಎಂದು ಮೂಗು ಮುರಿಯುವವರು ಇದನ್ನು ನೆನಪಿಟ್ಟುಕೊಳ್ಳಲಿ.

೨೦೧೬ರಲ್ಲಿ ಬ್ರಿಟನ್ನಿನ ಬಿಬಿಸಿ ಹನ್ನೊಂದು ಹನ್ನೆರಡು ವರ್ಷದ ಶಾಲಾಮಕ್ಕಳಿಗೆ ಮೈಕ್ರೋಬಿಟ್ ಎಂಬ ಬೋರ್ಡನ್ನು ಬಿಟ್ಟಿಯಾಗಿ ಹಂಚಿತು. ಸುಮಾರು ಹತ್ತು ಲಕ್ಷ ಬೋರ್ಡು! ಅದರ ಜ್ಞಾಪಕ ಸರಿಯಾಗಿ ೧೬ ಕಿಲೋಬೈಟ್. ಅದರಲ್ಲೂ ಮೈಕ್ರೋಪೈಥಾನ್ ಓಡಿತು. ಬಿಬಿಸಿಗೆ ಇದು ಹೊಸತಲ್ಲ. ೧೯೮೧ರಲ್ಲೇ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಿಂದ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಮಾಡಿಸಿ ತಮ್ಮ ಶಾಲೆಗಳಿಗೆ ತುಂಬಿದ್ದರು. ಸ್ವಿಚ್ ಹಾಕಿದರೆ ನೇರವಾಗಿ ಬೇಸಿಕ್ ಭಾಷೆ ಎದುರು ನಿಂತು "ಏನು ಹೇಳಪ್ಪ" ಎನ್ನುತ್ತಿತ್ತು. ಆ ಏಕಾರ್ನ್ ಕಂಪನಿಯ ಹೊಟ್ಟೆಯಲ್ಲಿ ಹುಟ್ಟಿದ್ದೇ ಇವತ್ತು ನಿಮ್ಮ ಜೇಬಿನ ಮೊಬೈಲಿನೊಳಗಿರುವ ಆರ್ಮ್ ಪ್ರೊಸೆಸರ್ ವಂಶ. ಮಕ್ಕಳ ಕೈಗೆ ಯಂತ್ರ ಕೊಟ್ಟ ನಾಡಿನಲ್ಲಿ ಯಂತ್ರ ಮಾಡುವವರು ಹುಟ್ಟುತ್ತಾರೆ, ಇದರಲ್ಲೇನು ಆಶ್ಚರ್ಯ?

ಅದೇ ಬಿಬಿಸಿ ಮೈಕ್ರೋ ನಮ್ಮ ದೇಶಕ್ಕೂ ಬಂದಿತ್ತು, ಎಷ್ಟು ಜನಕ್ಕೆ ನೆನಪಿದೆ? ೧೯೮೪ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಹೆಸರಿನ ಯೋಜನೆ ಹಾಕಿ ಸುಮಾರು ೨೫೦ ಶಾಲೆಗಳಿಗೆ ಅದನ್ನು ಕಳಿಸಿತು. ಅದರ ಮರುವರ್ಷವೇ, ೧೯೮೫ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಚಿಪ್ಪು ವಿನ್ಯಾಸದ ಕಚೇರಿ ತೆರೆಯಿತು. ಎರಡೂ ಒಂದೇ ಕಾಲದ ಸಂಗತಿ. ಅಂದಿನಿಂದ ಬೆಂಗಳೂರಿನ ನೆಲದಲ್ಲಿ ಕೂತು ಜಗತ್ತಿನ ಚಿಪ್ಪುಗಳನ್ನು ಬರೆಯುತ್ತಿದ್ದಾರೆ. ಆ ನೆಲದಿಂದ ನೂರು ಕಿಲೋಮೀಟರ್ ಆಚೆಯ ಹುಡುಗನಿಗೆ ಚಿಪ್ಪು ಎಂದರೆ ಇನ್ನೂ ಆಲೂಗಡ್ಡೆಯದೇ!

ಈಗ ಹೊಸ ಬಾಗಿಲಿನ ಬೆಲೆ ಕೇಳಿ. ೨೦೨೧ರ ಜನವರಿಯಲ್ಲಿ, ಮತ್ತೆ ಅದೇ ಕೇಂಬ್ರಿಜ್‌ನಿಂದ, ರಾಸ್ಪ್‌ಬೆರಿ ಪೈ ಸಂಸ್ಥೆಯವರು ಪಿಕೋ ಎಂಬ ಬೋರ್ಡು ತಂದರು. ನಾಲ್ಕು ಡಾಲರು. ನಮ್ಮಲ್ಲಿ ಕೆಲವೇ ನೂರು ರೂಪಾಯಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಸಿಗುತ್ತದೆ. ಇದರ ಜ್ಞಾಪಕ ೨೬೪ ಕಿಲೋಬೈಟ್, ಅಂದರೆ ಹಳೆಯ ಯುನೋದ ನೂರಮೂವತ್ತು ಪಟ್ಟು. ಸಂಗ್ರಹಕ್ಕೆ ಬೇರೆ ೨ ಮೆಗಾಬೈಟ್. ಬಟನ್ ಒತ್ತಿ ಹಿಡಿದು ಕಂಪ್ಯೂಟರಿಗೆ ಚುಚ್ಚಿದರೆ ಪೆನ್‌ಡ್ರೈವ್ ಹಾಗೆ ಕಾಣಿಸಿಕೊಳ್ಳುತ್ತದೆ. ಮೈಕ್ರೋಪೈಥಾನ್ ಕಡತವನ್ನು ಅದರ ಮೇಲೆ ಎಳೆದು ಬಿಟ್ಟರೆ ಆಯಿತು, ಬೋರ್ಡು ಮಾತಿಗೆ ಸಿದ್ಧ. ಒಂದು ಸಾಲು ಹೇಳಿ, ಒಂದು ಉತ್ತರ ಪಡೆಯಿರಿ. ಅರೆಯುವುದಿಲ್ಲ, ಇಳಿಸುವುದಿಲ್ಲ.

ಇದನ್ನು ಹಿಡಿದುಕೊಂಡು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಎರಡು ಶನಿವಾರ ಹೋದೆ. ಯಾವ ಶಾಲೆ ಎಂದು ಹೇಳುವುದಿಲ್ಲ, ಅಲ್ಲಿಯ ಮೇಷ್ಟ್ರು ಪಾಪದವರು, ಮೇಲಿನವರ ಅಪ್ಪಣೆ ಕೇಳದೆ ನನ್ನನ್ನು ಒಳಗೆ ಬಿಟ್ಟಿದ್ದರು. ಒಂಬತ್ತನೇ ತರಗತಿಯ ಹದಿನಾಲ್ಕು ಮಕ್ಕಳು, ಎರಡು ಲ್ಯಾಪ್‌ಟಾಪು, ನಾಲ್ಕು ಪಿಕೋ. ಆರು ಸಾಲಿನ ಪಾಠ. ಮೊದಲ ಎರಡು ಸಾಲು ಉಗ್ರಾಣದಿಂದ ಸಾಮಾನು ತರುವ ಸಾಲು: ಪಿನ್ನು ತಾ, ಗಡಿಯಾರ ತಾ. ಮೂರನೆಯದು, ಇಪ್ಪತ್ತೈದನೇ ಪಿನ್ನಿಗೆ ಒಂದು ಹೆಸರಿಡು. ನಾಲ್ಕನೆಯದು, ನಿಲ್ಲಿಸೆನ್ನುವ ತನಕ ಮಾಡುತ್ತಿರು. ಐದು, ಹೊತ್ತಿದ್ದರೆ ಆರಿಸು, ಆರಿದ್ದರೆ ಹೊತ್ತಿಸು. ಆರು, ಒಂದು ಸೆಕೆಂಡು ಸುಮ್ಮನಿರು.

ಮೂರನೇ ಸಾಲಿನಲ್ಲಿ ಹೆಸರಿಡುವಾಗ ಪುಸ್ತಕದಲ್ಲಿರುವಂತೆ ಎಲ್ಇಡಿ ಎಂದು ಬರೆಯಿಸಲು ಹೊರಟೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಇದಕ್ಕೆ ನಾವು ಏನು ಹೆಸರು ಬೇಕಾದ್ರೂ ಇಡಬಹುದಾ ಸಾರ್?" ಎಂದಳು. ಇಡಬಹುದು ಅಂದೆ. "ದೀಪ ಅಂತ ಇಟ್ರೆ?"

ಇಡಬಹುದು! ಇದೇ ನಾನು ಕೂಗಿ ಹೇಳಬೇಕೆಂದಿರುವ ಸಂಗತಿ. ಹಳೆಯ ಮೇಷ್ಟ್ರುಗಳು ಕಲಿಸಿದ್ದು, ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕೆಂದು. ಪೈಥಾನ್ ಮೂರನೇ ಆವೃತ್ತಿಯಿಂದ ಜಗತ್ತಿನ ಯಾವ ಲಿಪಿಯಲ್ಲಾದರೂ ಹೆಸರಿಡಬಹುದು. ಮೈಕ್ರೋಪೈಥಾನ್ ಕೂಡ ಒಪ್ಪುತ್ತದೆ. ಕನ್ನಡ ಯುನಿಕೋಡಿನಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಇದೆ, ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ. ದೀಪ ಎಂದು ಕನ್ನಡದಲ್ಲಿ ಟೈಪು ಮಾಡಿ, ಕಡತವಾಗಿ ಉಳಿಸಿ ಓಡಿಸಿದೆವು. ಹಸಿರು ದೀಪ ಮಿಣುಕಿತು. ಎರಡನೇ ಶನಿವಾರಕ್ಕೆ ಅವರು ನೀರಿನ ತೊಟ್ಟಿಗೆ ತೇಲುವ ಸ್ವಿಚ್ಚು ಕಟ್ಟಿ, "ತೊಟ್ಟಿ_ತುಂಬಿದೆ" ಎಂದು ಹೆಸರಿಟ್ಟು, ತುಂಬಿದಾಗ ಪೀಪಿ ಊದಿಸಿದರು. ಇಂಗ್ಲಿಷ್ ಹೆಸರಿಟ್ಟಾಗ ಕಾಣದ ಒಂದು ವ್ಯತ್ಯಾಸ ಕಂಡೆ. ಮಕ್ಕಳು ಬರೆದದ್ದನ್ನು ಪಕ್ಕದವರಿಗೆ ಓದಿ ಹೇಳತೊಡಗಿದರು. ಓದಿದಾಗ ತಪ್ಪು ತಾವೇ ಕಂಡುಕೊಂಡರು. ಬಾಯಿಪಾಠದ ಮಂತ್ರದಲ್ಲಿ ತಪ್ಪು ಕಾಣುವುದಿಲ್ಲ ನೋಡಿ.

(ನಡುವೆ ಒಂದು ಎಚ್ಚರಿಕೆ. ಪಿಕೋ ಕೆಲಸ ಮಾಡುವುದು ೩.೩ ವೋಲ್ಟಿನಲ್ಲಿ. ಉತ್ಸಾಹದಲ್ಲಿ ಯಾರೂ ಮಕ್ಕಳಿಂದ ಪಂಪಿನ ಮೇನ್ ಲೈನಿಗೆ ತಂತಿ ಕಟ್ಟಿಸಬೇಡಿ. ಪೀಪಿ ಮತ್ತು ದೀಪ ಸಾಕು.)

ಹಾಗಾದರೆ ಎಲ್ಲ ಸುಸೂತ್ರವೇ? ಇಲ್ಲ. ಎಲ್ಲಿ ನಿಂತರು ಹೇಳುತ್ತೇನೆ. ತಪ್ಪು ಮಾಡಿದಾಗ ನಿಂತರು. ಸಾಲನ್ನು ಒಂದು ಸ್ಪೇಸ್ ಹೆಚ್ಚು ಒಳಗೆ ಸರಿಸಿದ್ದಕ್ಕೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಬೈಗುಳ ಬಂತು: ಇಂಡೆಂಟೇಶನ್ ಎರರ್. ಮುಖಗಳು ಬಾಡಿದವು. ಬೋರ್ಡಿನ ಮೇಲಿನ ಕೈಗಳು ಹಿಂದೆ ಸರಿದವು. ನಲವತ್ತು ನಿಮಿಷ ಅಂಜದೆ ಇದ್ದ ಮಕ್ಕಳು ಆ ಒಂದು ಸಾಲಿಗೆ ಅಂಜಿದರು. ಇನ್ನೊಂದು ಗುಂಪು ಪರದೆಯ ತಂತಿ ಸಡಿಲ ಬಿಟ್ಟಿತ್ತು, ಅದಕ್ಕೆ ಬಂದದ್ದು "ಓಎಸ್ ಎರರ್ ೫, ಇಐಓ". ಇದರ ಅರ್ಥವನ್ನು ಕಾನ್ವೆಂಟಿನಲ್ಲಿ ಓದಿದ ಮಗುವಾದರೂ ಹೇಳಲಿ ನೋಡೋಣ! "ತಂತಿ ಸರಿಯಾಗಿ ಕೂತಿಲ್ಲ, ಆ ಕಡೆಯಿಂದ ಉತ್ತರ ಬರುತ್ತಿಲ್ಲ" ಎಂದು ಕನ್ನಡದಲ್ಲಿ ಬಂದಿದ್ದರೆ ಐದನೇ ತರಗತಿಯವನೂ ಸರಿ ಮಾಡುತ್ತಿದ್ದ.

ಆಗುವುದಿಲ್ಲವೇ? ಆಗುತ್ತದೆ. ಮೈಕ್ರೋಪೈಥಾನಿನಿಂದ ಕವಲೊಡೆದ ಸರ್ಕಿಟ್‌ಪೈಥಾನ್ ಎಂಬುದನ್ನು ಅಮೆರಿಕದ ಅಡಾಫ್ರೂಟ್ ಕಂಪನಿ ನಡೆಸುತ್ತದೆ. ಅದರ ತಪ್ಪು ಸಂದೇಶಗಳು ಜರ್ಮನ್, ಫ್ರೆಂಚ್, ಸ್ಪ್ಯಾನಿಶ್, ಜಪಾನಿಯಲ್ಲೆಲ್ಲ ಸಿಗುತ್ತವೆ. ಚಿಪ್ಪಿನೊಳಗೇ! ಅನುವಾದ ಮಾಡುವವರು ಸ್ವಯಂಸೇವಕರು. ಯಾರು ಬೇಕಾದರೂ ಸೇರಬಹುದು. ಇನ್ನು ಮಕ್ಕಳು ಬೋರ್ಡಿಗೆ ಬರೆಯಲು ಬಳಸುವ ಥಾನಿ ಎಂಬ ತಂತ್ರಾಂಶ ಹುಟ್ಟಿದ್ದು ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ. ಎಸ್ಟೋನಿಯಾ ಎಂದರೆ ಎಷ್ಟು ದೊಡ್ಡ ದೇಶ? ಜನಸಂಖ್ಯೆ ಹದಿಮೂರು ಹದಿನಾಲ್ಕು ಲಕ್ಷ. ನಮ್ಮ ಒಂದು ಜಿಲ್ಲೆ. ೨೦೧೧ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು ೪ ಕೋಟಿ ೩೭ ಲಕ್ಷ. ಆ ಪುಟ್ಟ ನಾಡು ಇಡೀ ಜಗತ್ತಿನ ಮಕ್ಕಳಿಗೆ ಉಪಕರಣ ಮಾಡಿಕೊಡುತ್ತದೆ. ನಾವು "ಇಂಗ್ಲಿಷ್ ಕಲಿತು ಬಾ" ಎನ್ನುತ್ತೇವೆ.

ಇನ್ನು ಬೋರ್ಡಿಗೆ ಕಟ್ಟುವ ಪರದೆಯ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಇದರಲ್ಲಿ ಒಂದು ಪಾಠವಿದೆ. ಹಸಿರು ಅಥವಾ ನೀಲಿ ಬೆಳಕಿನ, ಹದಿನಾರು ಅಕ್ಷರದ ಎರಡು ಸಾಲು ತೋರಿಸುವ ಪರದೆಯನ್ನು ನೀವು ತೂಕದ ಯಂತ್ರದಲ್ಲೋ ಹಾಲಿನ ಡೇರಿಯಲ್ಲೋ ನೋಡಿರುತ್ತೀರಿ. ಅದರ ಹಿಂದಿರುವ ಚಿಪ್ಪಿನ ಮೂಲ ಜಪಾನಿನ ಹಿಟಾಚಿ ಕಂಪನಿಯ ಎಚ್‌ಡಿ ೪೪೭೮೦. ಆ ಚಿಪ್ಪಿನೊಳಗೆ ಅಕ್ಷರಗಳ ಚಿತ್ರ ಕೆತ್ತಿಟ್ಟಿದ್ದಾರೆ. ಇಂಗ್ಲಿಷ್ ಇದೆ, ಸರಿ. ಅದರ ಪಕ್ಕದಲ್ಲೇ ಜಪಾನಿನ ಕಟಕಾನ ಲಿಪಿಯೂ ಇದೆ! ತುಮಕೂರಿನ ಹಾಲಿನ ಡೇರಿಯ ಪರದೆಯಲ್ಲಿ ಜಪಾನಿ ಬರೆಯಬಹುದು, ಕನ್ನಡ ಬರೆಯಲಾಗದು. ಯಾಕೆ? ಮಾಡಿದವರು ಜಪಾನಿಗರು, ತಮ್ಮ ಅಕ್ಷರವನ್ನು ಮರೆಯಲಿಲ್ಲ. ನಮಗೆ ಬಿಟ್ಟಿರುವುದು ಬೇಕಾದಂತೆ ಬರೆದುಕೊಳ್ಳಲು ಎಂಟೇ ಎಂಟು ಖಾಲಿ ಮನೆ, ಒಂದೊಂದು ಐದು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ. ಅದರಲ್ಲಿ "ಕನ್ನಡ" ಎಂಬ ಪದದ ನಕಾರದ ಕೆಳಗೆ ಒತ್ತು ಹಾಕಿ ನೋಡಿ, ಗೊತ್ತಾಗುತ್ತದೆ.

ಆದರೆ ಈಗ ಅದಕ್ಕಿಂತ ಹೆಚ್ಚೇನೂ ದುಬಾರಿಯಲ್ಲದ ಚುಕ್ಕೆ ಪರದೆ ಬಂದಿದೆ, ೧೨೮ಕ್ಕೆ ೬೪ ಚುಕ್ಕೆ. ಇಡೀ ಪರದೆಯ ಚಿತ್ರಕ್ಕೆ ೧೦೨೪ ಬೈಟು ಸಾಕು. ಮೈಕ್ರೋಪೈಥಾನಿನಲ್ಲಿ ಅದಕ್ಕೆ ಇಂಗ್ಲಿಷ್ ಅಕ್ಷರ ಮಾತ್ರ ಸಿದ್ಧವಾಗಿದೆ. ಕನ್ನಡದ ಒತ್ತು, ದೀರ್ಘ, ಗುಣಿತ ಜೋಡಿಸುವ ಬುದ್ಧಿ ಅಷ್ಟು ಪುಟ್ಟ ಯಂತ್ರಕ್ಕೆ ಹೆಚ್ಚಾಯಿತು. ಪರವಾಗಿಲ್ಲ, ಅಡ್ಡದಾರಿ ಇದೆ. "ತೊಟ್ಟಿ ತುಂಬಿದೆ", "ಮೋಟಾರು ನಿಂತಿದೆ" ಎಂಬಂಥ ಹತ್ತಿಪ್ಪತ್ತು ಮಾತುಗಳನ್ನು ದೊಡ್ಡ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ಬೋರ್ಡಿಗೆ ತುಂಬಿದರೆ ಆಯಿತು. ಪರದೆಯಷ್ಟಗಲದ ಇಪ್ಪತ್ತು ಚಿತ್ರಕ್ಕೂ ೨೦ ಕಿಲೋಬೈಟ್ ಆಗುತ್ತದೆ, ಅಷ್ಟೇ. ಪಿಕೋದಲ್ಲಿ ಅದು ಸಾಸಿವೆ ಕಾಳು. ಹೊಲದ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಕನ್ನಡ ಯಾಕಿಲ್ಲ ಎಂದು ಕೇಳಿದರೆ "ತಾಂತ್ರಿಕ ತೊಂದರೆ" ಎನ್ನುವ ವ್ಯಾಪಾರಿಗಳಿಗೆ ಈ ಲೆಕ್ಕ ಒಪ್ಪಿಸಿ.

ಕನ್ನಡ ಟೈಪು ಮಾಡುವವರಿಗೆ ಎರಡು ಗುಂಡಿಗಳಿವೆ, ಬೀಳಬೇಡಿ. ಒಂದು, ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದರೆ ನಿಮ್ಮ ಕಣ್ಣಿಗೆ ಕನ್ನಡ, ಚಿಪ್ಪಿನ ಕಣ್ಣಿಗೆ ಇಂಗ್ಲಿಷ್ ಅಕ್ಷರಗಳ ಕಸ. ಎರಡನೆಯದು ಕಳ್ಳ ಗುಂಡಿ. "ಸ್ವಿಚ್‌ಸ್ಥಿತಿ" ಎಂಬಂಥ ಹೆಸರಿನಲ್ಲಿ ಅರ್ಧಾಕ್ಷರ ಒತ್ತಾಗದಂತೆ ತಡೆಯಲು ನಾವು ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವೆ. ದೊಡ್ಡ ಪೈಥಾನ್ ಅದನ್ನು ಕಂಡೊಡನೆ ತಪ್ಪು ಎನ್ನುತ್ತದೆ. ಮೈಕ್ರೋಪೈಥಾನ್ ನುಂಗಿಕೊಳ್ಳುತ್ತದೆ, ಆದರೆ ಗುರುತು ಇರುವ ಹೆಸರು, ಇಲ್ಲದ ಹೆಸರು ಬೇರೆ ಬೇರೆ ಎಂದು ತಿಳಿಯುತ್ತದೆ. ಒಂದಿಡೀ ಸಂಜೆ ನಾನು ಇದರಲ್ಲಿ ಕಳೆದಿದ್ದೇನೆ. ಅಂಥ ಹೆಸರು ಬಿಟ್ಟು "ಗುಂಡಿ" ಎಂದಿಟ್ಟರೆ ತೊಂದರೆಯೇ ಇಲ್ಲ. ಅಚ್ಚಗನ್ನಡ ಪದ ಬಳಸಲು ಹೀಗೂ ಒಂದು ಕಾರಣ ಸಿಕ್ಕಿತು!

ಈಗ ನಮ್ಮವರ ಜೊತೆಗೇ ಒಂದು ಜಗಳ. ಪೈಥಾನಿನ ಇಫ್, ವೈಲ್, ಫಾರ್ ಇವನ್ನೆಲ್ಲ ಕಿತ್ತು ಕನ್ನಡ ಪದ ಹಾಕಿ "ಕನ್ನಡ ಪೈಥಾನ್" ಮಾಡೋಣ ಎಂದು ಗೆಳೆಯರು ಕೆಲವರು ಹೊರಟಿದ್ದಾರೆ. ಅವರ ಅಭಿಮಾನಕ್ಕೆ ಶರಣು. ಆದರೆ ನನಗೆ ಒಪ್ಪಿಗೆಯಿಲ್ಲ. ಪೈಥಾನಿನಲ್ಲಿ ಅಂಥ ಕಟ್ಟುಪದಗಳಿರುವುದು ೩೫ರ ಸುಮಾರು. ಕ್ರಿಕೆಟ್ಟಿನ ಪದಗಳೇ ಅದಕ್ಕಿಂತ ಹೆಚ್ಚು, ನಮ್ಮ ಹುಡುಗರು ಅವನ್ನು ಅರಗಿಸಿಕೊಂಡಿಲ್ಲವೇ? ಕನ್ನಡದ ಜಾಯಮಾನವೂ ಬೇರೆ. ನಾವು "ತುಂಬಿದರೆ ನಿಲ್ಲಿಸು" ಎನ್ನುತ್ತೇವೆ, ನಮ್ಮ ಇಫ್ ಕ್ರಿಯಾಪದದ ಬಾಲದಲ್ಲಿದೆ. ಅದನ್ನು ಕಿತ್ತು ಸಾಲಿನ ಮೊದಲಿಗೆ ಇಟ್ಟರೆ ಅದು ಕನ್ನಡದ ವೇಷ ಹಾಕಿದ ಇಂಗ್ಲಿಷೇ. ಮೇಲಾಗಿ ನಾಳೆ ಆ ಮಗು ಬೇರೊಬ್ಬರು ಬರೆದದ್ದನ್ನು ಓದಲಾರದು. ಮಗು ಎಡವುವುದು ಆ ೩೫ ಪದಗಳಲ್ಲಲ್ಲ. ವಿವರಣೆ ಇಲ್ಲದ ಕಡೆ ಎಡವುತ್ತದೆ, ತಪ್ಪು ಸಂದೇಶದಲ್ಲಿ ಎಡವುತ್ತದೆ, ಬೋರ್ಡಿನ ಜೊತೆ ಬರುವ ಇಂಗ್ಲಿಷ್ ಕೈಪಿಡಿಯಲ್ಲಿ ಎಡವುತ್ತದೆ. ಬುಲ್ಡೋಜರನ್ನು ಅಲ್ಲಿಗೆ ತಿರುಗಿಸಿ.

ಇನ್ನು ಆಚೆ ಕಡೆಯವರು, ಇಂಜಿನಿಯರ್ ಸಾಹೇಬರು. "ಇದೆಲ್ಲ ನಿಧಾನ ಕಣ್ರೀ, ಕೆಲಸ ಕೊಡುವವರು ಸಿ ಕೇಳುತ್ತಾರೆ" ಎನ್ನುತ್ತಾರೆ. ನಿಜ. ಮೈಕ್ರೋಪೈಥಾನ್ ಸಿ ಭಾಷೆಗಿಂತ ಹತ್ತಾರು ಪಟ್ಟು ನಿಧಾನ. ಕೆಲಸದ ನಡುವೆ ಜ್ಞಾಪಕದ ಕಸ ಗುಡಿಸಲು ಚಣಕಾಲ ನಿಂತುಬಿಡುತ್ತದೆ. ಕಾರಿನ ಬ್ರೇಕಿಗೆ ಇದನ್ನು ಯಾರೂ ಹಾಕುವುದಿಲ್ಲ, ಹಾಕಲೂ ಬಾರದು. ಆದರೆ ತೊಟ್ಟಿ ತುಂಬಲು ಇಪ್ಪತ್ತು ನಿಮಿಷ ಬೇಕು ಸ್ವಾಮಿ. ಸೆಕೆಂಡಿಗೊಮ್ಮೆ ಇಣುಕಿದರೆ ಸಾಕಾದ ಕೆಲಸಕ್ಕೆ ಲಕ್ಷ ಸಲ ಇಣುಕುವ ವೇಗ ಏಕೆ? ಸಿ ಬೇಡವೆಂದು ಯಾರು ಹೇಳಿದರು? ದೀಪ ಹೊತ್ತಿಸಿದ ಹುಡುಗಿ ನಾಳೆ ಸಿ ಕಲಿಯುತ್ತಾಳೆ, ಅಸೆಂಬ್ಲಿಯನ್ನೂ ಕಲಿಯುತ್ತಾಳೆ. ೩ಇ ಯಾಕೆ ಎಂದು ಕೇಳುವ ಧೈರ್ಯ ಅವಳಿಗೆ ಬಂದಿರುತ್ತದೆ. ಈಜು ಕಲಿಯಲು ಬಂದವರನ್ನು ಮೊದಲ ದಿನವೇ ಕಾವೇರಿಯ ಸುಳಿಗೆ ನೂಕಿ, ಮುಳುಗಿದವರನ್ನು "ಇವರಿಗೆ ಯೋಗ್ಯತೆಯಿಲ್ಲ" ಎನ್ನುವ ಪದ್ಧತಿಯಲ್ಲಿ ಎಷ್ಟು ತಲೆಮಾರು ಮುಳುಗಿಸಿದ್ದೇವೆ, ಲೆಕ್ಕ ಇಟ್ಟವರುಂಟೇ?

ಸರ್ಕಾರಕ್ಕೆ ಕೇಳುವುದು ಹೆಚ್ಚೇನಿಲ್ಲ. ೨೦೧೬ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ ೨೦ ಲಕ್ಷ ರೂಪಾಯಿಯವರೆಗೆ ಅನುದಾನವಿದೆ. ದುಡ್ಡಿನ ಕೊರತೆ ಇಲ್ಲ. ೨೦೨೧ರಲ್ಲಿ ಎಐಸಿಟಿಇ ಇಂಜಿನಿಯರಿಂಗನ್ನೇ ಭಾರತೀಯ ಭಾಷೆಗಳಲ್ಲಿ ಕಲಿಸಲು ಅನುಮತಿ ಕೊಟ್ಟಿತು. ಕಾನೂನಿನ ಅಡ್ಡಿಯೂ ಇಲ್ಲ. ಬೇಕಿರುವುದು ನೂರು ಪುಟದ ಒಂದು ಕನ್ನಡ ಕೈಪಿಡಿ, ಮಕ್ಕಳ ಕೈಗೆ ಪಿಕೋದಂಥ ಬೋರ್ಡು, ಮತ್ತು ಮೇಷ್ಟ್ರಿಗೆ ಒಂದು ವಾರದ ತರಬೇತಿ. ಕೊಡಿ ಎಂದು ಕೇಳೋಣ, ಬೀದಿಗಿಳಿದೂ ಕೇಳೋಣ. ಆದರೆ ಕೊಡುವ ತನಕ ಕಾದು ಕೂರುವುದು ಬೇಡ.

ತಪ್ಪು ಸಂದೇಶಗಳ ಕನ್ನಡ ಪಟ್ಟಿಯೊಂದನ್ನು ನಾನು ಶುರು ಮಾಡಿದ್ದೇನೆ. ಮಕ್ಕಳಿಗೆ ಮೇಲಿಂದ ಮೇಲೆ ಬರುವವು ಮೂವತ್ತು ನಲವತ್ತಷ್ಟೇ. ಸದ್ಯ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದರೂ ಸಾಕು, ಆ ಶಾಲೆಯಲ್ಲಿ ಹಾಗೆಯೇ ಅಂಟಿಸಿ ಬಂದೆ. "ಈ ಹೆಸರು ನನಗೆ ಗೊತ್ತಿಲ್ಲ, ಎಲ್ಲಾದರೂ ಕಾಗುಣಿತ ತಪ್ಪಿದೆಯೇ ನೋಡು." "ತಂತಿ ಅಲ್ಲಾಡುತ್ತಿದೆ." "ಜ್ಞಾಪಕ ತುಂಬಿಹೋಯಿತು." ಇವು ಸುಲಭವಾಗಿ ಬಂದವು. ಇಂಡೆಂಟೇಶನ್ ಎರರ್ ಮಾತ್ರ ಕೈಗೆ ಸಿಗುತ್ತಿಲ್ಲ. ನಾನು "ಒಳಸರಿತದ ದೋಷ" ಎಂದು ಬರೆದಿದ್ದೆ. ದೀಪ ಎಂದು ಹೆಸರಿಟ್ಟ ಆ ಹುಡುಗಿ ಅದನ್ನು ಎರಡು ಸಲ ಓದಿ, ಹೊಡೆದು ಹಾಕಿ, ಪಕ್ಕದಲ್ಲಿ "ಸಾಲು ಸೊಟ್ಟಗಿದೆ" ಎಂದು ಬರೆದಳು. ಅದಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ ಒಂದು ಕಾರ್ಡು ಬರೆದು ಪತ್ರಿಕೆಯ ವಿಳಾಸಕ್ಕೆ ಹಾಕಿ.